ತುಮಕೂರು ಅಮಾನಿಕೆರೆ ಪಾರ್ಕ್: 2021ರಿಂದ ದಿನಾ ನಡೀತಿರೋರ ಅನುಭವ

ನಮ್ ತುಮಕೂರು ಸಿಟಿಗೆ ಹೊಳೆ ಇಲ್ಲ. ಪಕ್ಕದ ದೇವರಾಯನದುರ್ಗದ ಬೆಟ್ಟದಲ್ಲೇ ಶಿಂಷಾನೂ ಹುಟ್ತಾಳೆ ಜಯಮಂಗಲಿನೂ ಹುಟ್ತಾಳೆ, ಒಬ್ಬಳು ಕಾವೇರಿ ಸೇರೋಕೆ ದಕ್ಷಿಣಕ್ಕೆ ಹೋದ್ರೆ ಇನ್ನೊಬ್ಬಳು ಉತ್ತರ ಪಿನಾಕಿನಿ ಕಡೆ ಹೋಗ್ಬಿಡ್ತಾಳೆ, ಊರಿಗೆ ಉಳಿದಿದ್ದು ಕೆರೆ. ನೀರಿನ ಪಕ್ಕ ನಡೀಬೇಕು ಅಂದ್ರೆ ನಮಗೆ ಅಮಾನಿಕೆರೆನೇ.

2021ರಲ್ಲಿ ಅಪ್ಪಂಗೆ ಹಾರ್ಟಿಗೆ ಸ್ಟೆಂಟ್ ಹಾಕಿದ್ಮೇಲೆ ದಿನಾ ನಡೆಸಿ ಅಂದ್ರು ಡಾಕ್ಟ್ರು. ಮೊದಲು ಮನೆ ಮುಂದಿನ ರೋಡಲ್ಲೇ ನಡೆಸ್ತಿದ್ದೆ, ಹಿಂದಿಂದ ಬೈಕ್ ಹಾರ್ನ್ ಹೊಡೆದಾಗೆಲ್ಲ ಬೆಚ್ಚಿಬಿದ್ದು ಕಾಂಪೌಂಡ್ ಗೋಡೆ ಹಿಡ್ಕೊಂಡು ನಿಂತ್ಬಿಡೋರು, ನಾಲ್ಕನೇ ದಿನಕ್ಕೆ ನಾನು ಬರಲ್ಲ ಹೋಗಪ್ಪ ಅಂದ್ರು. ಆಮೇಲೆ ಇಲ್ಲಿಗೆ ಕರ್ಕೊಂಡ್ ಬಂದೆ. ಹಿಂದಿಂದ ಗಾಡಿ ಬರಲ್ಲ ಅನ್ನೋ ಒಂದು ಧೈರ್ಯಕ್ಕೇ ಕಾಲು ಬಿಚ್ಚಿ ನಡೆಯೋಕೆ ಶುರು ಮಾಡಿದ್ರು. ನಮ್ದು ಕಿಲೋಮೀಟರ್ ಲೆಕ್ಕ ಅಲ್ಲ, ಬೆಂಚಿನ ಲೆಕ್ಕ. ಮೊದಲ ವಾರ ಎರಡನೇ ಬೆಂಚು, ತಿಂಗಳಿಗೆ ಆರನೇದು, ಆ ವರ್ಷದ ದೀಪಾವಳಿ ಹೊತ್ತಿಗೆ ಬೆಂಚು ಎಣಿಸೋದನ್ನೇ ಮರೆತು ಮಾತಾಡ್ತಾ ನಡೀತಿದ್ರು. ವಯಸ್ಸಾದೋರನ್ನ ಕರ್ಕೊಂಡ್ ಬರೋರಿಗೆ ನಾನು ಹೇಳೋದು ಇದೇ, ಇವತ್ತು ಆ ಬೆಂಚು ತನಕ ಅಂತ ಮಾತಾಡ್ಕೊಂಡು ಹೊರಡಿ, ಮೊಬೈಲಲ್ಲಿ ಸ್ಟೆಪ್ಸ್ ತೋರ್ಸಿ ಒತ್ತಾಯ ಮಾಡ್ಬೇಡಿ.

ಅಪ್ಪ ಗುಬ್ಬಿ ಕಡೆ ಹಳ್ಳಿಯೋರು, ಕೆರೆ ಕೆಳಗೆ ಗದ್ದೆ ಮಾಡಿದೋರು. ಅವರಿಗೆ ಇದು ಪಾರ್ಕ್ ಅಂತ ಅನ್ಸೋದೇ ಇಲ್ಲ. ಇದು ಏರಿ, ಇದು ಅಂಗಳ, ನೀರು ಹೆಚ್ಚಾದ್ರೆ ಕೋಡಿ ಕಡೆ ಹೋಗುತ್ತೆ ಅಂತ ಮೊಮ್ಮಕ್ಕಳಿಗೆ ತೋರಿಸ್ತಾರೆ. ಅಮಾನಿ ಅಂದ್ರೆ ಏನು ಅಂತ ನನಗೂ ಗೊತ್ತಿರ್ಲಿಲ್ಲ, ಹಳೇ ಕಂದಾಯದ ಮಾತಂತೆ, ಯಾರಿಗೂ ಗುತ್ತಿಗೆ ಕೊಡದೆ ಸರ್ಕಾರವೇ ನೇರವಾಗಿ ಇಟ್ಕೊಂಡಿದ್ದು. ಬೆಂಗಳೂರಲ್ಲಿ ಅಮಾನಿ ಬೆಳ್ಳಂದೂರು ಖಾನೆ ಅಂತ ಇರೋದೂ ಅದೇ ಪದ.

ಅಪ್ಪನ ಜೊತೆ ನಡೆದೂ ನಡೆದೂ ನಾನೂ ಈಗ ಪಾರ್ಕ್ ನೋಡೋಕೆ ಮುಂಚೆ ನೀರು ನೋಡ್ತೀನಿ. 2022ರ ಮಳೆಗೆ ಜಿಲ್ಲೆಯಲ್ಲಿ ಎಷ್ಟೋ ಕೆರೆ ಕೋಡಿ ಬಿದ್ದವಲ್ಲ, ಆಗ ಇಲ್ಲಿಗೆ ಬಂದ್ರೆ ತಣ್ಣನೆ ಗಾಳಿ, ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸ್ಕೊಂಡು ಕೂತಿರೋದು, ಹಣೆ ಮೇಲೆ ಬಿಳಿ ನಾಮ ಇಟ್ಕೊಂಡ ನಾಮದ ಕೋಳಿಗಳು, ಮುಳುಗಿ ಇನ್ನೆಲ್ಲೋ ಏಳೋ ಗುಳುಮುಳಕ, ಮನೆಗೆ ಹೋಗೋಕೇ ಮನಸ್ಸು ಬರ್ತಿರ್ಲಿಲ್ಲ. ಮರುವರ್ಷ 2023ರಲ್ಲಿ ಮಳೆ ಕೈ ಕೊಡ್ತು, ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆಯ್ತು, ಬೇಸಿಗೆ ಹೊತ್ತಿಗೆ ಇಲ್ಲಿ ನೀರು ಹಿಂದೆ ಸರಿದು ಅಂಚಲ್ಲಿ ಕೆಸರು ಕಾಣಿಸ್ತು, ವಾಸನೆನೂ ಬಂತು, ನಮ್ ಜೊತೆ ದಿನಾ ಸಿಗೋ ಮುಖಗಳು ಕಮ್ಮಿ ಆದ್ವು. ಬೆಂಚು ಅವೇ, ದಾರಿ ಅದೇ, ಗಿಡಗಳೂ ಅಷ್ಟೇ ಇದ್ವು. ಆಗ್ಲೇ ನನಗೆ ಗೊತ್ತಾಗಿದ್ದು ಜನ ಬರೋದು ನೀರಿಗೆ ಅಂತ.

2016ರ ಸೆಪ್ಟೆಂಬರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ನಮ್ಮೂರು, ಶಿವಮೊಗ್ಗ ಎಲ್ಲ ಒಟ್ಟಿಗೇ ಸೇರಿದ್ದು, ಅಲ್ಲಿ ತುಂಗಾ ದಂಡೆ ಉದ್ದಕ್ಕೂ ನಡೆಯೋ ಜಾಗ ಮಾಡಿದಾರೆ, ಇಲ್ಲಿ ಕೆರೆಗೆ ಕೆಲಸ ಮಾಡಿದ್ರು. ತಂಗಿ ಮನೆಗೆ ಹೋದಾಗ ಅಲ್ಲೂ ನಡೆದಿದೀನಿ, ಹರಿಯೋ ನೀರಿನ ಸೊಗಸೇ ಬೇರೆ ಒಪ್ತೀನಿ. ಆದ್ರೆ ನಿಂತ ನೀರಿನ ಪಕ್ಕ ಬೆಳಗ್ಗೆ ಆರು ಗಂಟೆಗೆ ಒಂದು ಮೌನ ಇರುತ್ತೆ, ಅದು ನನಗೆ ಹೆಚ್ಚು ಹಿಡಿಸುತ್ತೆ.

ಬೇಜಾರಾಗೋ ವಿಷಯನೂ ಇದೆ. ಭಾನುವಾರ ಸಂಜೆ ಆದ್ಮೇಲೆ ಸೋಮವಾರ ಬೆಳಗ್ಗೆ ಬಂದ್ರೆ ಅಂಚಲ್ಲೆಲ್ಲ ಚಿಪ್ಸ್ ಕವರು, ನೀರಿನ ಬಾಟ್ಲು, ನೋಡೋಕೆ ಹೊಟ್ಟೆ ಉರಿಯುತ್ತೆ. ನಾವೇ ಎಸೆದಿರೋದು, ಬೇರೆ ಊರೋರು ಬಂದು ಎಸೆದಿಲ್ಲ. ಕೆಲವರು ಮೊಬೈಲಲ್ಲಿ ಹಾಡು ಜೋರಾಗಿ ಹಾಕ್ಕೊಂಡು ನಡೀತಾರೆ, ದಯವಿಟ್ಟು ಇಯರ್‌ಫೋನ್ ಹಾಕ್ಕೊಳ್ಳಿ. ಸಂಜೆ ಕತ್ತಲಾಗ್ತಿದ್ದಂಗೆ ಸೊಳ್ಳೆ ಜಾಸ್ತಿ, ಮಕ್ಕಳಿಗೆ ತುಂಬು ತೋಳಿನ ಬಟ್ಟೆ ಹಾಕಿ. ಮಳೆ ಬಂದ ಮಾರನೇ ದಿನ ದಾರಿ ಜಾರುತ್ತೆ, ಅಪ್ಪಂಗೆ ನಾನು ಚಪ್ಪಲಿ ಹಾಕೋಕೆ ಬಿಡಲ್ಲ, ಶೂನೇ. ಪಕ್ಕದಲ್ಲೇ ಗಾಜಿನ ಮನೆ ಇದೆ, ಅಲ್ಲಿ ಕಾರ್ಯಕ್ರಮ ಇದ್ದ ದಿನ ಗಾಡಿ ನಿಲ್ಸೋಕೆ ಕಷ್ಟ, ಅವತ್ತು ಆಟೋದಲ್ಲಿ ಬರೋದೇ ವಾಸಿ. ನಾನು 5ಕ್ಕೆ 4 ಕೊಡ್ತೀನಿ, ಆ ಒಂದು ಕಟ್ ಮಾಡಿರೋದು ಪ್ಲಾಸ್ಟಿಕ್ಕಿಗೆ.

ಈ ವರ್ಷ ಅಪ್ಪಂಗೆ ಮಂಡಿ ನೋವು, ಮತ್ತೆ ಐದನೇ ಬೆಂಚಿಗೇ ಬಂದು ನಿಂತಿದೀವಿ. ಅಲ್ಲಿ ಕೂರ್ಸಿ ನಾನು ಮುಂದಕ್ಕೆ ಹೋಗಿ ವಾಪಸ್ ಬರೋಷ್ಟರಲ್ಲಿ, ನೀರಂಚಲ್ಲಿ ಅವರು ಗುರುತು ಇಟ್ಕೊಂಡಿರೋ ಒಂದು ಕಲ್ಲಿದೆ, ನೀರು ಅದನ್ನ ಮುಟ್ಟಿದೆಯಾ ಇಲ್ವಾ ಅಂತ ನೋಡಿಟ್ಟಿರ್ತಾರೆ. ಮೊನ್ನೆ ಮಳೆ ಆದ್ಮೇಲೆ, ಇನ್ನೊಂದು ಗೇಣು ಬಾಕಿ ಕಣೋ ಅಂದ್ರು.