ಟಿವಿ ಕೆಲಸಕ್ಕೆ ಎಂ.ಎ., ಡಿಪ್ಲೊಮಾ, ಕೇಬಲ್ ಚಾನೆಲ್: ಮೂರನ್ನೂ ಮಾಡಿ ನೋಡಿದ ಮೇಲೆ

"ಅಕ್ಕಾ, ಏನ್ ಓದಿದ್ರ ಟಿವಿಯೊಳಗ ಕೆಲಸ ಸಿಗತೈತ್ರಿ?" ಪದವಿ ರಿಸಲ್ಟ್ ಬಂದ ಕೂಡಲೇ ಹುಬ್ಬಳ್ಳಿ-ಧಾರವಾಡದ, ಗದಗಿನ ಹುಡುಗ-ಹುಡುಗಿಯರು ಫೋನ್ ಮಾಡಿ ಕೇಳುವ ಪ್ರಶ್ನೆ ಇದು. ಅವರ ಮುಂದೆ ಸಾಮಾನ್ಯವಾಗಿ ಮೂರು ದಾರಿ ಇರುತ್ತವೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಪತ್ರಿಕೋದ್ಯಮ ಎಂ.ಎ. ಬೆಂಗಳೂರಿನ ಖಾಸಗಿ ಸಂಸ್ಥೆಯಲ್ಲಿ ಕೆಲವು ತಿಂಗಳ ಆ್ಯಂಕರಿಂಗ್ ಡಿಪ್ಲೊಮಾ. ಇವೆರಡೂ ಬೇಡ ಅಂದರೆ ಊರಿನ ಕೇಬಲ್ ಚಾನೆಲ್‌ಗೆ ನೇರವಾಗಿ ಸೇರಿಕೊಳ್ಳುವುದು. ನಾನು ಮೂರನ್ನೂ ಮಾಡಿದ್ದೇನೆ. ಆಮೇಲೆ ಬೆಂಗಳೂರಿನ ಒಂದು ಚಾನೆಲ್‌ನ ಡೆಸ್ಕ್‌ನಲ್ಲಿ (ಬಂದ ಸುದ್ದಿಯನ್ನು ತಿದ್ದಿ ಬರೆಯುವ ವಿಭಾಗ) ಕೂತು, ಈಗ ಮತ್ತೆ ಹುಬ್ಬಳ್ಳಿಯಿಂದಲೇ ಡಿಜಿಟಲ್ ಸುದ್ದಿಯ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ಫೋನಿನಲ್ಲಿ ತುಂಡು ತುಂಡಾಗಿ ಹೇಳುವುದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ಯಾವುದರಿಂದ ಬೇಗ ಕೆಲಸ ಸಿಕ್ಕಿತು ಅಂತ ನೋಡಿದರೆ ಡಿಪ್ಲೊಮಾ ಗೆಲ್ಲುತ್ತದೆ. ಆದರೆ ಅದನ್ನಷ್ಟೇ ನೋಡಿದರೆ ಸಾಲದು. ಈ ಕ್ಷೇತ್ರ ಎಷ್ಟು ಬೇಗ ಬದಲಾಗುತ್ತದೆ ನೋಡಿ. ಕನ್ನಡದಲ್ಲಿ ಉದಯ ಟಿವಿ ಬಂದದ್ದು 1994ರಲ್ಲಿ. 2006ರಲ್ಲಿ ಟಿವಿ9 ಶುರುವಾಯಿತು. ಅದರ ಬೆನ್ನಿಗೆ ಇನ್ನಷ್ಟು 24 ಗಂಟೆಯ ಸುದ್ದಿ ಚಾನೆಲ್‌ಗಳು ಬಂದವು. ಪ್ರತಿ ಚಾನೆಲ್‌ಗೂ ಜಿಲ್ಲೆಗೊಬ್ಬ ವರದಿಗಾರ, ಒಬ್ಬ ಕ್ಯಾಮೆರಾಮನ್ ಬೇಕಾಯಿತು. ನಮ್ಮ ಸೀನಿಯರ್‌ಗಳು ಸೇರಿಕೊಂಡಿದ್ದು ಆ ಕಾಲದಲ್ಲಿ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, ಜನ ಸುದ್ದಿಯನ್ನು ಮೊಬೈಲ್‌ನಲ್ಲಿ ನೋಡತೊಡಗಿದರು. 2017ರ ಅಕ್ಟೋಬರ್‌ನಲ್ಲಿ ಉದಯ ನ್ಯೂಸ್ ಮುಚ್ಚಿತು. 2020ರ ಅಕ್ಟೋಬರ್‌ನಲ್ಲಿ ಸುದ್ದಿ ಚಾನೆಲ್‌ಗಳ ವಾರದ ರೇಟಿಂಗ್ ಕೊಡುವುದನ್ನೇ ವೀಕ್ಷಕರ ಲೆಕ್ಕ ಇಡುವ ಸಂಸ್ಥೆ ಬಾರ್ಕ್ ನಿಲ್ಲಿಸಿತು. ಅದು ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಇಂಥ ಕಡೆ ಮೊದಲ ಕೆಲಸ ಸಿಗುವುದು ದೊಡ್ಡ ವಿಷಯವಲ್ಲ. ಎರಡನೆಯದು, ಮೂರನೆಯದು ಹೇಗೆ ಸಿಗುತ್ತದೆ? ಚಾನೆಲ್ ಬಿಟ್ಟಾಗ ಕೈಯಲ್ಲಿ ಯಾವ ವಿದ್ಯೆ ಉಳಿದಿರುತ್ತದೆ? ನಾನು ಮೂರನ್ನೂ ಅಳೆಯುವುದು ಇದರಿಂದಲೇ.

ಮೊದಲು ಎಂ.ಎ. ವಿಚಾರ. ಓದಿದ್ದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ, ಹೀಗಾಗಿ ಖರ್ಚು ಕಡಿಮೆ. ಸಂವಹನ ಸಿದ್ಧಾಂತ, ಪತ್ರಿಕೋದ್ಯಮದ ಇತಿಹಾಸ, ಮಾಧ್ಯಮ ಕಾನೂನು, ವರದಿಗಾರಿಕೆ, ಕೊನೆಗೊಂದು ಸಂಶೋಧನಾ ಪ್ರಬಂಧ. ಕ್ಯಾಮೆರಾ ಕೈಗೆ ಬರುತ್ತಿದ್ದದ್ದು ಅಪರೂಪ. ವಿದ್ಯಾರ್ಥಿಗಳು ಜಾಸ್ತಿ, ಸಲಕರಣೆ ಕಡಿಮೆ. ಟಿವಿ ಪೇಪರಿನಲ್ಲಿ ಪಿಸಿಆರ್ (ಪ್ರಸಾರ ನಿಯಂತ್ರಿಸುವ ಕೋಣೆ) ಅಂದರೇನು, ರನ್‌ಡೌನ್ (ಬುಲೆಟಿನ್‌ನ ಸುದ್ದಿಗಳ ಸರದಿ ಪಟ್ಟಿ) ಅಂದರೇನು ಅಂತ ಬರೆದು ಅಂಕ ತೆಗೆದುಕೊಂಡೆವು, ಆದರೆ ಪಿಸಿಆರ್ ಒಳಗೆ ನಿಂತು ಒಂದು ಬುಲೆಟಿನ್ ಹೋಗುವುದನ್ನು ನೋಡಿರಲಿಲ್ಲ. ಬೈಟ್ (ಕ್ಯಾಮೆರಾ ಮುಂದೆ ಜನ ಹೇಳುವ ಮಾತು) ತೆಗೆದುಕೊಳ್ಳುವಾಗ ಲೋಗೋ ಮೈಕ್ ಎಷ್ಟು ದೂರ ಹಿಡಿಯಬೇಕು ಎನ್ನುವುದನ್ನು ಪರೀಕ್ಷೆ ಹೇಳಿಕೊಡುವುದಿಲ್ಲ.

ಆದರೂ ಎಂ.ಎ.ಯಲ್ಲಿ ಕಲಿತ ಎರಡು ವಿಷಯ ಇವತ್ತಿಗೂ ಪ್ರತಿ ವಾರ ಉಪಯೋಗಕ್ಕೆ ಬರುತ್ತವೆ. ಒಂದು, ಕಾನೂನು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿ ಬಂದಾಗ ಮಗುವಿನ ಹೆಸರು ಬಿಟ್ಟರೆ ಸಾಕು ಅಂತ ಬಹಳ ಜನ ತಿಳಿದಿರುತ್ತಾರೆ. 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ಅದಕ್ಕಿಂತ ದೂರ ಹೋಗುತ್ತದೆ. ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ಅಕ್ಕಪಕ್ಕದ ಓಣಿ, ಯಾವುದೂ ಗೊತ್ತಾಗಬಾರದು. "ಮನೀ ಮುಂದಿಂದ ಒಂದು ಶಾಟ್ ತಗೊಂಡ್ ಬಾರವಾ" ಅಂತ ಕೇಬಲ್ ಚಾನೆಲ್‌ನಲ್ಲಿ ಹೇಳಿದಾಗ ಆಗುವುದಿಲ್ಲ ಅಂದೆ. ಯಾಕೆ ಅಂತ ಕೇಳಿದಾಗ ಹೇಳಲು ಉತ್ತರ ಇತ್ತು. ಆ ಉತ್ತರ ಕ್ಲಾಸಿನಿಂದ ಬಂದದ್ದು. ಸುಮ್ನೆ ಧೈರ್ಯ ಇದ್ದಿದ್ದರೆ ಕೆಲಸ ಹೋಗುತ್ತಿತ್ತು, ಕಲಂ ಗೊತ್ತಿದ್ದರಿಂದ ಸುದ್ದಿಯ ರೂಪ ಬದಲಾಯಿತು.

ಇನ್ನೊಂದು, ದಪ್ಪ ಕಾಗದ ಓದುವ ಅಭ್ಯಾಸ. ತೀರ್ಪು, ಆಡಿಟ್ ವರದಿ, ಟೆಂಡರ್, ಮಾಹಿತಿ ಹಕ್ಕಿನಲ್ಲಿ ಬಂದ ಉತ್ತರ. ಪ್ರಬಂಧ ಬರೆಯುವಾಗ ಇದು ಬೇಸರದ ಕೆಲಸ ಅನ್ನಿಸುತ್ತಿತ್ತು. ಇದರ ಬೆಲೆ ತಿಳಿದದ್ದು ಮಹದಾಯಿ ನದಿ ನೀರಿನ ಹೋರಾಟದಲ್ಲಿ. ಅದಕ್ಕೆ ಮುಂದೆ ಬರುತ್ತೇನೆ.

ಎಂ.ಎ. ಮುಗಿಸಿ ಹುಬ್ಬಳ್ಳಿಯ ಒಂದು ಕೇಬಲ್ ಚಾನೆಲ್ ಸೇರಿದೆ. ದಿನಕ್ಕೆ ಎರಡು ಬುಲೆಟಿನ್, ಉಳಿದ ಹೊತ್ತು ಹಳೆಯ ಹಾಡು ಮತ್ತು ಜಾಹೀರಾತು. ಅಲ್ಲಿ ವರದಿಗಾರ, ಕ್ಯಾಮೆರಾಮನ್, ಎಡಿಟರ್, ನಿರೂಪಕಿ ಅಂತ ಬೇರೆ ಬೇರೆ ಜನ ಇರುವುದಿಲ್ಲ. ಬೆಳಿಗ್ಗೆ ಪಾಲಿಕೆ ಸಭೆ, ಮಧ್ಯಾಹ್ನ ದುರ್ಗದ ಬೈಲಿನಲ್ಲಿ ವ್ಯಾಪಾರಿಗಳ ತಕರಾರು, ಸಂಜೆ ಬಂದು ನಾವೇ ಸ್ಕ್ರಿಪ್ಟ್ ಟೈಪ್ ಮಾಡಿ, ನಾವೇ ವಾಯ್ಸ್ ಕೊಟ್ಟು, ನಾವೇ ಕತ್ತರಿಸಿ ಹಾಕಬೇಕು. ಜೊತೆಗಿದ್ದ ಹಿರಿಯ ಕ್ಯಾಮೆರಾಮನ್ ಒಬ್ಬರು ರಾಜ್ಯಮಟ್ಟದ ಚಾನೆಲ್‌ಗೆ ಸ್ಟ್ರಿಂಗರ್ (ಕಾಯಂ ಅಲ್ಲದೆ, ಸುದ್ದಿಗಿಷ್ಟು ಅಂತ ದುಡ್ಡು ಪಡೆಯುವವರು) ಆಗಿದ್ದವರು. ಕ್ಯಾಸೆಟ್ಟನ್ನು ಬೆಂಗಳೂರು ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸುತ್ತಿದ್ದ ಕಾಲ ಅವರದ್ದು. ಮಾರನೇ ದಿನ ಬೆಳಿಗ್ಗೆ ತಲುಪುವ ಸುದ್ದಿ ಹಳಸಬಾರದು ಅಂದರೆ ಯಾವ ಶಾಟ್ ಬೇಕು, ಯಾವ ಬೈಟ್ ಬೇಡ ಅಂತ ಜಾಗದಲ್ಲೇ ತೀರ್ಮಾನ ಮಾಡಬೇಕಿತ್ತು. ಆ ಲೆಕ್ಕಾಚಾರವನ್ನು ಅವರು ನನಗೆ ಧಾರೆ ಎರೆದರು. "ಮೊದಲ ಜನರ ಮಾರಿ ತಗೋ, ಆಮ್ಯಾಲೆ ಸಾಹೇಬ್ರ ಮಾರಿ. ಸಾಹೇಬ್ರು ನಾಳೆನೂ ಸಿಗತಾರ" ಅನ್ನುತ್ತಿದ್ದರು. ಇಂಥ ಪಾಠ ಯಾವ ಸಿಲೆಬಸ್ಸಿನಲ್ಲಿದೆ?

ಕೇಬಲ್ ಚಾನೆಲ್‌ನ ಇನ್ನೊಂದು ದೊಡ್ಡ ಲಾಭ, ತಪ್ಪು ಮಾಡಿದರೆ ಮರುದಿನವೇ ಗೊತ್ತಾಗುತ್ತದೆ. ನೋಡುವವರು ಅದೇ ಓಣಿಯವರು. ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಅನ್ನುವುದನ್ನು ಅಧಿಕಾರಿ ಹೇಳಿದಂತೆ ಓದಿಬಿಟ್ಟರೆ, "ಯವ್ವಾ, ಬಾ, ನಮ್ಮನಿ ಕೊಡ ನೋಡ ಬಾ" ಅಂತ ಅಜ್ಜಿಯೊಬ್ಬರು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಾರೆ. ದೊಡ್ಡ ಚಾನೆಲ್‌ನ ಡೆಸ್ಕ್‌ಗೆ ಆ ಅಜ್ಜಿಯ ಮಾತು ಮುಟ್ಟುವುದೇ ಇಲ್ಲ.

2015ರ ಜುಲೈನಲ್ಲಿ ನರಗುಂದದಲ್ಲಿ ಮಹದಾಯಿ ಧರಣಿ ಶುರುವಾಯಿತು. ಗದ್ದಲವಾದ ದಿನ ದೊಡ್ಡ ಚಾನೆಲ್‌ಗಳ ವ್ಯಾನ್ ಬರುತ್ತಿದ್ದವು, ಮರುದಿನ ಹೋಗಿಬಿಡುತ್ತಿದ್ದವು. ನಾವು ಹತ್ತಿರದವರು, ಮತ್ತೆ ಮತ್ತೆ ಹೋದೆವು. ರೈತರ ಹೆಸರು, ಯಾರ ಹೊಲ ಎಲ್ಲಿ, ಯಾರು ಯಾವ ಬಣ, ಎಲ್ಲ ಗೊತ್ತಾಯಿತು. 2016ರ ಜುಲೈ 27ರಂದು ಮಹದಾಯಿ ನೀರು ಹಂಚಿಕೆಯ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ಎಲ್ಲ ಕಡೆ ಬೆಂಕಿ, ಬಂದ್, ಘೋಷಣೆ. ಪರದೆಯ ಮೇಲೆ "ಅನ್ಯಾಯ" ಅನ್ನುವ ಒಂದೇ ಪದ ಓಡುತ್ತಿತ್ತು. ಆದರೆ ಧರಣಿಯಲ್ಲಿ ಕೂತಿದ್ದ ರೈತರು ನಮ್ಮನ್ನು ಕೇಳಿದ್ದು ಬೇರೆ: "ಕೇಳಿದ್ದು 7.56 ಟಿಎಂಸಿ. ಕೊಡೂದಿಲ್ಲ ಅಂದದ್ದು ಯಾಕ್ರಿ? ಕಾರಣ ಏನ್ ಬರದಾರ?" ಅದಕ್ಕೆ ಉತ್ತರ ಹೇಳಬೇಕಾದರೆ ಇಂಗ್ಲಿಷಿನ ಆದೇಶ ಕೂತು ಓದಬೇಕು. ಓದಿದೆ. ರಾತ್ರಿ ಬುಲೆಟಿನ್‌ನಲ್ಲಿ ಅದನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದೆ. ಕೇಬಲ್ ಚಾನೆಲ್ ನನ್ನನ್ನು ಆ ಪ್ರಶ್ನೆಯ ಹತ್ತಿರ ಕರೆದೊಯ್ದಿತು, ಎಂ.ಎ. ಉತ್ತರದ ಹತ್ತಿರ. 2018ರ ಆಗಸ್ಟ್ 14ರಂದು ಅಂತಿಮ ತೀರ್ಪು ಬಂದು ಕರ್ನಾಟಕಕ್ಕೆ 13.42 ಟಿಎಂಸಿ ಅಂದಾಗ ನಾನು ಬೆಂಗಳೂರಿನ ಡೆಸ್ಕ್‌ನಲ್ಲಿದ್ದೆ. ಅದರಲ್ಲಿ ಕುಡಿಯುವ ನೀರಿಗೆ ಎಷ್ಟು, ವಿದ್ಯುತ್ತಿಗೆ ಎಷ್ಟು ಅಂತ ಬೇರ್ಪಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂದದ್ದು ಇದೇ ಕಾರಣಕ್ಕೆ.

ಕೇಬಲ್ ಚಾನೆಲ್‌ನ ಕೆಟ್ಟ ಮುಖವನ್ನೂ ಹೇಳಬೇಕು. ಸಂಬಳ ತಡ, ಕೆಲವು ತಿಂಗಳು ಅರ್ಧ. ರಾಜ್ಯೋತ್ಸವ, ದೀಪಾವಳಿ ಬಂದರೆ ವರದಿಗಾರರೇ ಶುಭಾಶಯದ ಜಾಹೀರಾತು ತರಬೇಕು. ಇವತ್ತು ಜಾಹೀರಾತು ಕೊಟ್ಟ ನಾಯಕರ ವಾರ್ಡಿನಲ್ಲಿ ನಾಳೆ ಚರಂಡಿ ಒಡೆದರೆ ಏನು ಮಾಡುವುದು? ಹೊಸಬರಿಗೆ ಇದು ನಿಜವಾಗಿಯೂ ಅಪಾಯ. ಕಲಿಯುವ ಕೈಗಳು ಬೇಗನೆ ವಸೂಲಿಯ ಕೈಗಳಾಗುವುದನ್ನು ಕಣ್ಣಾರೆ ನೋಡಿದ್ದೇನೆ. ಸ್ಟ್ರಿಂಗರ್‌ಗಳ ಕಷ್ಟ ಇನ್ನೂ ಬೇರೆ. ಸುದ್ದಿ ಪ್ರಸಾರವಾದರೆ ದುಡ್ಡು, ಇಲ್ಲದಿದ್ದರೆ ಪೆಟ್ರೋಲ್ ಖರ್ಚೂ ತಮ್ಮದೇ. ಅದಕ್ಕೇ ಇಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಇರಬೇಡಿ ಅಂತ ಹೇಳುತ್ತೇನೆ.

ಇನ್ನು ಬೆಂಗಳೂರಿನ ಡಿಪ್ಲೊಮಾ. ಫೀ ನಮ್ಮ ಎಂ.ಎ.ಯ ಒಟ್ಟು ಖರ್ಚಿನ ಹಲವು ಪಟ್ಟು, ಮೇಲೆ ಪಿಜಿ ಬಾಡಿಗೆ. ಸ್ಟುಡಿಯೋ ಚೆನ್ನಾಗಿತ್ತು. ಟೆಲಿಪ್ರಾಂಪ್ಟರ್ ಓದುವುದು, ಲೈಟಿಗೆ ತಕ್ಕ ಮೇಕಪ್, ಚರ್ಚೆ ನಡೆಸುವಾಗ ಕಿವಿಯಲ್ಲಿ ಬರುವ ಸೂಚನೆ ಕೇಳುತ್ತಲೇ ಎದುರಿನವರ ಮಾತು ಕೇಳುವುದು, ಇವನ್ನೆಲ್ಲ ದಿನವೂ ಮಾಡಿಸಿದರು. ಕ್ಯಾಮೆರಾ ಭಯ ಹೋಯಿತು. ಪ್ಲೇಸ್‌ಮೆಂಟ್ ಅಂತ ಹೇಳಿದ್ದು ಮಾತ್ರ ಸಂಬಳವಿಲ್ಲದ ಇಂಟರ್ನ್‌ಶಿಪ್ ಆಗಿತ್ತು. ಅಲ್ಲಿಂದ ಡೆಸ್ಕ್ ಕೆಲಸ ಸಿಕ್ಕಿತು ನಿಜ, ಆದರೆ ಆಯ್ಕೆ ಮಾಡಿದವರು ಕೇಳಿದ್ದು ನನ್ನ ಡಿಪ್ಲೊಮಾ ಶೋರೀಲ್ (ಕೋರ್ಸಿನಲ್ಲಿ ಮಾಡಿದ ಮಾದರಿ ವಿಡಿಯೊ) ಅಲ್ಲ, ಕೇಬಲ್ ಚಾನೆಲ್‌ನ ಸ್ಟೋರಿಗಳನ್ನು.

ಆ ಕೋರ್ಸಿನಲ್ಲಿ ನನಗೆ ತುಂಬಾ ಬೇಸರ ತರಿಸಿದ್ದು ಭಾಷೆಯ ಪಾಠ. "ನಿಮ್ಮ ಧಾರವಾಡ ಬಿಡಿ" ಅಂತ ಪ್ರತಿ ದಿನ ಹೇಳುತ್ತಿದ್ದರು. ಬುಲೆಟಿನ್‌ಗೆ ಎಲ್ಲರಿಗೂ ತಿಳಿಯುವ ಕನ್ನಡ ಬೇಕು, ಒಪ್ಪುತ್ತೇನೆ. ಹ-ಕಾರ, ಅ-ಕಾರ ಸ್ಪಷ್ಟವಾಗಿರಬೇಕು, ಅದೂ ಸರಿ. ಆದರೆ ನಮ್ಮ ಮಾತನ್ನು ರೋಗದ ಹಾಗೆ ನೋಡುವುದು ಯಾಕೆ? ಅದೇ ಮಾತು ಇವತ್ತು ಧಾರಾವಾಹಿಗಳಲ್ಲಿ, ಕಾಮಿಡಿ ಶೋಗಳಲ್ಲಿ, ರೀಲ್ಸ್‌ನಲ್ಲಿ ಕೆಲಸ ಕೊಡಿಸುತ್ತಿದೆ. ಸಂಭಾಷಣೆ ಬರೆಯಲು, ನಟರಿಗೆ ಮಾತು ತಿದ್ದಲು ಈ ಭಾಗದವರು ಬೇಕಾಗುತ್ತಾರೆ. ಎರಡೂ ಕನ್ನಡ ಬರುವವರಿಗೆ ಎರಡು ಬಾಗಿಲು ತೆರೆದಿರುತ್ತವೆ.

ಹಾಗಂತ ಡಿಪ್ಲೊಮಾ ಪೂರ್ತಿ ದಂಡ ಅಂತ ಹೇಳಲಾರೆ. ಅಲ್ಲಿ ಒಬ್ಬ ಎಡಿಟಿಂಗ್ ಮೇಷ್ಟ್ರು ಇದ್ದರು. ಟೈಮ್‌ಲೈನ್ ಜೋಡಿಸುವುದು, ಧ್ವನಿ ಸಮ ಮಾಡುವುದು, ಬಣ್ಣ ತಿದ್ದುವುದು, ಒಂದೇ ಸ್ಟೋರಿಯನ್ನು ಟಿವಿಗೆ ಅಡ್ಡಲಾಗಿ, ಮೊಬೈಲ್‌ಗೆ ಉದ್ದಕ್ಕೆ ಕತ್ತರಿಸುವುದನ್ನು ಕಲಿಸಿದರು. ಆ್ಯಂಕರಿಂಗ್‌ಗೆ ಕೊಟ್ಟ ದುಡ್ಡು ವಾಪಸ್ ಬರಲಿಲ್ಲ, ಎಡಿಟಿಂಗ್ ಪಾಠ ಇವತ್ತಿಗೂ ಅನ್ನ ಹಾಕುತ್ತಿದೆ. ಆ್ಯಂಕರ್ ಸೀಟುಗಳು ಮೊದಲೇ ಕಡಿಮೆ. 2023ರ ಜುಲೈನಲ್ಲಿ ಪವರ್ ಟಿವಿ "ಸೌಂದರ್ಯ" ಎಂಬ ಎಐ ನಿರೂಪಕಿಯನ್ನು ಪರದೆಗೆ ತಂದ ಮೇಲೆ, ಬರೆದದ್ದನ್ನು ಚೆಂದ ಓದುವುದೊಂದೇ ವಿದ್ಯೆ ಇದ್ದರೆ ಸಾಕೇ ಅಂತ ಹೊಸಬರು ಯೋಚಿಸಲೇಬೇಕು. ನರಗುಂದದ ಧರಣಿಯಲ್ಲಿ ರೈತರ ಪಕ್ಕ ಕೂತು ಪ್ರಶ್ನೆ ಕೇಳಿಸಿಕೊಳ್ಳುವ ಕೆಲಸವನ್ನು ಆ ಯಂತ್ರ ಮಾಡುವುದಿಲ್ಲ.

ಹಾಗಾದರೆ ಯಾವುದು? ನನ್ನ ಆಯ್ಕೆ ಎಂ.ಎ. ಮತ್ತು ಕೇಬಲ್ ಚಾನೆಲ್, ಎರಡೂ ಒಟ್ಟಿಗೆ. ಒಂದಾದ ಮೇಲೊಂದು ಅಲ್ಲ. ಧಾರವಾಡದಲ್ಲಿ ಓದುತ್ತಿದ್ದರೆ ಚಿಗರಿ ಬಸ್ಸಿನಲ್ಲಿ ಸಂಜೆ ಹುಬ್ಬಳ್ಳಿಗೆ ಬಂದು ಬುಲೆಟಿನ್ ಕೆಲಸ ಮಾಡಿ ವಾಪಸ್ ಹೋಗಬಹುದು. ಬೆಳಿಗ್ಗೆ ಕ್ಲಾಸಿನಲ್ಲಿ ಮಾನನಷ್ಟ ಕಾನೂನು ಕೇಳಿ ಸಂಜೆ ಸ್ಕ್ರಿಪ್ಟ್‌ನಲ್ಲಿ ಅದೇ ಎದುರಾದರೆ ಪಾಠ ಮರೆಯುವುದಿಲ್ಲ. ಎಡಿಟಿಂಗ್ ಮಾತ್ರ ಬೇರೆ ಕಲಿಯಿರಿ, ಅದಕ್ಕೆ ಬೆಂಗಳೂರೇ ಬೇಕು ಅಂತಿಲ್ಲ. ಡಿಪ್ಲೊಮಾ ಯಾರಿಗೆ ಸರಿ? ಈಗಾಗಲೇ ಫೀಲ್ಡ್ ಅನುಭವ ಇದ್ದು, ಸ್ಟುಡಿಯೋ ಕೆಲಸವೇ ಬೇಕು ಅನ್ನುವವರಿಗೆ. ಮನೆಯವರು ಹೊಲ ಅಡ ಇಟ್ಟು ಕಳಿಸಬೇಕಾದ ಹುಡುಗಿಗೆ ಖಂಡಿತ ಅಲ್ಲ.

ಮುಖ ತೋರಿಸುವ ಆಸೆಗಿಂತ ದನಿಯ ಮೇಲೆ ಪ್ರೀತಿ ಇದ್ದರೆ ಧಾರವಾಡ ಆಕಾಶವಾಣಿಯನ್ನು ಮರೆಯಬೇಡಿ. 1950ರ ಜನವರಿ 8ರಂದು ಶುರುವಾದ ಕೇಂದ್ರ ಅದು. ತಾತ್ಕಾಲಿಕ ಉದ್ಘೋಷಕರಿಗೆ ಅರ್ಜಿ ಕರೆದಾಗ ಧ್ವನಿ ಪರೀಕ್ಷೆ ಕೊಟ್ಟು ನೋಡಿ. ಕಾಯಂ ಕೆಲಸವಲ್ಲ, ಆದರೆ ಉಚ್ಚಾರಕ್ಕೆ ಅದಕ್ಕಿಂತ ಒಳ್ಳೆಯ ಗರಡಿ ನಮ್ಮ ಹತ್ತಿರ ಇಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ವಾರ್ತಾ ಇಲಾಖೆ ಜಿಲ್ಲಾ ಕಚೇರಿಗಳಲ್ಲಿ ಸ್ಟೈಪೆಂಡ್ ಕೊಟ್ಟು ಅಪ್ರೆಂಟಿಸ್ ತರಬೇತಿ ನಡೆಸುತ್ತದೆ. ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ, ಕಣ್ಣಿಟ್ಟಿರಿ.

ಇಷ್ಟಾದರೂ ಬೆಂಗಳೂರಿನ ಸಂಸ್ಥೆಗೆ ಸೇರುವುದೇ ಅಂತ ತೀರ್ಮಾನಿಸಿದ್ದರೆ, ಫೀ ಕಟ್ಟುವ ಮುಂಚೆ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಗೋಡೆಯ ಮೇಲಿನ ಆ್ಯಂಕರ್‌ಗಳ ಫೋಟೊ ನೋಡಿ ವಾಪಸ್ ಬರಬೇಡಿ. ಹೋದ ವರ್ಷ ಮುಗಿಸಿದವರ ನಂಬರ್ ಕೇಳಿ, ಅವರಿಗೆ ಸಂಬಳ ಬರುತ್ತಿದೆಯಾ ಅಂತ ವಿಚಾರಿಸಿ. ಎಡಿಟಿಂಗ್ ಕಂಪ್ಯೂಟರ್ ಎಷ್ಟಿವೆ, ಸಂಜೆ ಕ್ಲಾಸ್ ಮುಗಿದ ಮೇಲೆ ಕೂರಲು ಬಿಡುತ್ತಾರಾ ಕೇಳಿ. ಪ್ಲೇಸ್‌ಮೆಂಟ್ ಅಂದರೆ ಇಂಟರ್ನ್‌ಶಿಪ್ಪೋ ಕೆಲಸವೋ, ಅದನ್ನು ಬರವಣಿಗೆಯಲ್ಲಿ ಕೊಡಿ ಅನ್ನಿ. ಕೊಡದಿದ್ದರೆ ಆ ದುಡ್ಡಿನಲ್ಲಿ ಒಂದು ಒಳ್ಳೆಯ ಫೋನ್, ಒಂದು ಕಾಲರ್ ಮೈಕ್, ಒಂದು ಟ್ರೈಪಾಡ್ ತೆಗೆದುಕೊಂಡು ಬ್ಯಾಡಗಿ ಎಪಿಎಂಸಿಗೆ ಹೋಗಿ. ಮೆಣಸಿನಕಾಯಿ ಸೀಸನ್‌ನಲ್ಲಿ ಟೆಂಡರ್ ದರ ಬಿದ್ದ ದಿನ ರೈತರೊಬ್ಬರ ಜೊತೆ ಮಾತಾಡಿ, ಎರಡು ನಿಮಿಷದ ಸ್ಟೋರಿ ಮಾಡಿ. ಮಾಡಿದ್ದನ್ನು ನನಗೆ ಕಳಿಸಿದರೆ ನೋಡಿ, ಎಲ್ಲಿ ಕತ್ತರಿಸಬೇಕು ಅಂತ ಖಂಡಿತ ಹೇಳುತ್ತೇನೆ.