ಅರ್ಧ ಗಂಟೆಯ ನ್ವಾರ್, ಎಂಟು ಗಂಟೆಯ ನ್ವಾರ್

ನ್ವಾರ್ (ಕತ್ತಲ ಛಾಯೆಯ ಅಪರಾಧ ಕಥೆ) ಆಂಥಾಲಜಿ, ಅಂದರೆ ಕಂತಿಗೋ ಸೀಸನ್ನಿಗೋ ಬೇರೆಯೇ ಕಥೆ ಹೇಳುವ ಟಿವಿ ಸರಣಿ, ನೋಡಬೇಕೆಂದು ಹೊರಟರೆ ಮೂರು ಹೆಸರು ಎದುರಾಗುತ್ತವೆ: ‘ಫಾಲನ್ ಏಂಜೆಲ್ಸ್’ (ಷೋಟೈಮ್, 1993 ಮತ್ತು 1995), ‘ಟ್ರೂ ಡಿಟೆಕ್ಟಿವ್’ (ಎಚ್‌ಬಿಒ, 2014ರಿಂದ), ‘ಫಾರ್ಗೊ’ (ಎಫ್‌ಎಕ್ಸ್, 2014ರಿಂದ). ಮೊದಲನೆಯದರಲ್ಲಿ ಕಂತಿಗೊಂದು ಕಥೆ, ಸುಮಾರು ಅರ್ಧ ಗಂಟೆ. ಉಳಿದೆರಡರಲ್ಲಿ ಇಡೀ ಸೀಸನ್ನಿಗೆ ಒಂದೇ ಕಥೆ. ಯಾವುದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಬಹುಮಟ್ಟಿಗೆ ಈ ಅಳತೆಯೇ ತೀರ್ಮಾನಿಸುತ್ತದೆ.

ಖಾಸಗಿ ಪತ್ತೇದಾರನಿಗೆ ಅರ್ಧ ಗಂಟೆ ಚೆನ್ನಾಗಿ ಒಗ್ಗುತ್ತದೆ. ಅವನಿಗೆ ಕಂಡದ್ದಷ್ಟೇ ನಮಗೂ ಕಾಣಬೇಕು. ಕಥೆ ಎಳೆದಷ್ಟೂ ಅವನಿಲ್ಲದ ದೃಶ್ಯಗಳು ಸೇರಿಕೊಂಡು, ಗುಟ್ಟು ಅವನಿಗಿಂತ ಮೊದಲು ನಮಗೇ ಗೊತ್ತಾಗಿಬಿಡುತ್ತದೆ. ‘ಫಾಲನ್ ಏಂಜೆಲ್ಸ್’ನಲ್ಲಿ ಟಾಮ್ ಹ್ಯಾಂಕ್ಸ್ ನಿರ್ದೇಶಿಸಿದ ‘ಐ’ಲ್ ಬಿ ವೇಟಿಂಗ್’ ಕಂತು ಬಹುಪಾಲು ಒಂದು ಹೋಟೆಲಿನೊಳಗೇ ನಡೆಯುತ್ತದೆ. ಅಲ್ಲಿನ ಪತ್ತೇದಾರನಾಗಿ ಬ್ರೂನೊ ಕಿರ್ಬಿ. ಒಂದು ಮಾತೂ ಹೆಚ್ಚೆನಿಸುವುದಿಲ್ಲ. ಗ್ಯಾಂಗ್‌ಸ್ಟರ್ ಬೇಕಿದ್ದರೆ ಅದೇ ಸರಣಿಯ ‘ಸಿನ್ಸ್ ಐ ಡೋಂಟ್ ಹ್ಯಾವ್ ಯೂ’ ನೋಡಿ: ಗ್ಯಾಂಗ್‌ಸ್ಟರ್ ಮಿಕಿ ಕೋಹೆನ್‌ಗೂ ಕೋಟ್ಯಧಿಪತಿ ಹೋವರ್ಡ್ ಹ್ಯೂಸ್‌ಗೂ ದುಡಿಯುವ ಒಬ್ಬನೇ ಆಳು, ಇಬ್ಬರು ಧಣಿಗಳಿಗೂ ಬೇಕಾದವಳು ಒಬ್ಬಳೇ ಹುಡುಗಿ. ಆದರೆ ಕಂತಿನಿಂದ ಕಂತಿಗೆ ನಿರ್ದೇಶಕರು ಬದಲಾಗುವುದರಿಂದ ಸರಣಿಯ ಮಟ್ಟ ಏರಿಳಿಯುತ್ತದೆ. ಕಥೆ ಸೊರಗಿದ ಕಡೆ ಟೋಪಿ, ಸಿಗರೇಟಿನ ಹೊಗೆ ಇಷ್ಟೇ ಉಳಿಯುತ್ತವೆ. ಅಂದಹಾಗೆ ಇದು ಹಳೆಯ 4:3 ಚೌಕಟ್ಟಿನ ಚಿತ್ರ. ಟಿವಿ ಅದನ್ನು ಅಗಲಕ್ಕೆ ಹಿಗ್ಗಿಸುತ್ತಿದ್ದರೆ ಆ ಸೆಟ್ಟಿಂಗ್ ತೆಗೆದುಬಿಡಿ.

ಎಂಟು ಕಂತು ಒಂದೇ ಕಥೆಯನ್ನು ಹೊರುವುದು ಹೇಗೆ ಎಂಬುದಕ್ಕೆ ‘ಟ್ರೂ ಡಿಟೆಕ್ಟಿವ್’ನ ಮೊದಲ ಸೀಸನ್ ಉತ್ತರ ಕೊಟ್ಟಿದೆ. ಕಥೆ 1995, 2002, 2012ರ ನಡುವೆ ಓಡಾಡುತ್ತದೆ. 2012ರಲ್ಲಿ ಇಬ್ಬರು ಮಾಜಿ ಪೊಲೀಸರು ಕೊಡುವ ಹೇಳಿಕೆಯೇ ಹಳೆಯ ನ್ವಾರ್‌ನ ಹಿನ್ನೆಲೆ ದನಿಯ ಕೆಲಸ ಮಾಡುತ್ತದೆ, ಅದೂ ಸುಳ್ಳು ಹೇಳುವ ದನಿ. ಐದನೇ ಕಂತಿನಲ್ಲಿ ಬಾಯಿ ಭಾರೀ ಗುಂಡಿನ ಕಾಳಗ ಎನ್ನುತ್ತದೆ, ಪರದೆ ಬೇರೆಯದೇ ತೋರಿಸುತ್ತದೆ. ನಿಕ್ ಪಿಜೊಲಾಟೊ ಬರೆದ ಎಂಟೂ ಕಂತುಗಳನ್ನು ಕ್ಯಾರಿ ಫುಕುನಾಗ ಒಬ್ಬರೇ ನಿರ್ದೇಶಿಸಿದ್ದರಿಂದ ಹದ ಎಲ್ಲೂ ಕೆಡುವುದಿಲ್ಲ.

2015ರ ಎರಡನೇ ಸೀಸನ್ನಿನಲ್ಲಿ ಈ ಉಪಾಯವಿಲ್ಲ. ಮೂವರು ಪೊಲೀಸರು, ಜೊತೆಗೆ ವಿನ್ಸ್ ವಾನ್‌ನ ಗ್ಯಾಂಗ್‌ಸ್ಟರ್, ಹೀಗೆ ನೋಟ ನಾಲ್ಕು ಕಡೆ ಹಂಚಿಹೋಗುತ್ತದೆ. ರೈಲು ಮಾರ್ಗದ ಜಮೀನಿನ ವ್ಯವಹಾರವೆಲ್ಲ ಕುರ್ಚಿಯಲ್ಲಿ ಕೂತವರ ಮಾತಿನಲ್ಲೇ ಮುಗಿಯುತ್ತದೆ. ಯಾರ ಹಣ ಎಲ್ಲಿ ಹೋಯಿತೆಂದು ಹಿಂದಕ್ಕೆ ಹೋಗಿ ನೋಡಬೇಕಾದೀತು. ಬಿಟ್ಟರೂ ನಷ್ಟವಿಲ್ಲ, ಬೇರೆ ಸೀಸನ್ನುಗಳಿಗೆ ಇದರ ಹಂಗಿಲ್ಲ.

ಗ್ಯಾಂಗ್‌ಸ್ಟರ್ ಕಥೆಗೆ ಮಾತ್ರ ಉದ್ದವೇ ಬಲ: ಮನೆತನ, ಉತ್ತರಾಧಿಕಾರ, ಪ್ರದೇಶ ಇವಕ್ಕೆಲ್ಲ ಸಮಯ ಬೇಕು. 1979ರಲ್ಲಿ ನಡೆಯುವ ‘ಫಾರ್ಗೊ’ ಎರಡನೇ ಸೀಸನ್ ಇಲ್ಲಿ ಎಲ್ಲರಿಗಿಂತ ಮುಂದೆ. ಗೆರ್‌ಹಾರ್ಟ್ ಕುಟುಂಬ ಒಂದು ಕಡೆ, ಕ್ಯಾನ್ಸಸ್ ಸಿಟಿಯ ಮಾಫಿಯಾ ಇನ್ನೊಂದು ಕಡೆ, ನಡುವೆ ಸಿಕ್ಕಿಬಿದ್ದ ಕಟುಕ ಮತ್ತು ಅವನ ಹೆಂಡತಿ. ಪರದೆಯನ್ನು ಸೀಳಿ ಎರಡು ಕಡೆಯ ಘಟನೆ ಒಟ್ಟಿಗೆ ತೋರಿಸುವುದರಿಂದ ಯಾರು ಎಲ್ಲಿದ್ದಾರೆಂಬ ಗೊಂದಲವಾಗದು. 1950ರ ಕಥೆಯ ನಾಲ್ಕನೇ ಸೀಸನ್ನಿಗೆ ಹನ್ನೊಂದು ಕಂತು ಸಿಕ್ಕರೂ ಪಾತ್ರಗಳ ನೂಕುನುಗ್ಗಲಿನಲ್ಲಿ ಉಸಿರು ಕಟ್ಟುತ್ತದೆ. ಎರಡು ಗುಂಪುಗಳು ಕಿರಿಯ ಮಕ್ಕಳನ್ನು ಅದಲುಬದಲು ಮಾಡಿಕೊಳ್ಳುವ ಒಪ್ಪಂದ ಎಷ್ಟು ಗಟ್ಟಿಯೋ, ಅದರ ಮೇಲೆ ಕಟ್ಟಿದ್ದು ಅಷ್ಟೇ ಸಡಿಲ. ಮೊದಲ ಸಲ ‘ಫಾರ್ಗೊ’ಗೆ ಕೈಹಾಕುವವರು ಎರಡನೇ ಸೀಸನ್ನಿನಿಂದಲೇ ಶುರುಮಾಡಬಹುದು.