ಸಾರ್ಲಾದಿಂದ ದಿನಕ್ಕೊಂದು ದಿಕ್ಕು: ದೋರ್ದೋನ್ ಮತ್ತು ವೆಜೇರ್ ಕಣಿವೆಗಳ ಸುತ್ತಾಟದ ವಿಮರ್ಶೆ

ಫ್ರಾನ್ಸಿನ ನೈಋತ್ಯದಲ್ಲಿರುವ ದೋರ್ದೋನ್ ಜಿಲ್ಲೆಯ ಆಗ್ನೇಯ ಭಾಗಕ್ಕೆ, ಅಲ್ಲಿನ ದಟ್ಟವಾದ ಓಕ್ ಕಾಡುಗಳ ಕಾರಣದಿಂದ, ಕಪ್ಪು ಪೆರಿಗೋರ್ ಎಂಬ ಹೆಸರಿದೆ. ರಜೆಯನ್ನು ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಕಳೆಯಬೇಕೆನ್ನುವವರು ಪ್ರತಿ ರಾತ್ರಿ ಹೊಸ ಊರಿನಲ್ಲಿ ತಂಗುವ ಬದಲು, ಇಲ್ಲಿನ ಸಾರ್ಲಾ ಪಟ್ಟಣದಲ್ಲೋ ಅದರ ಸುತ್ತಲಿನ ಯಾವುದಾದರೂ ತೋಟದ ಮನೆಯಲ್ಲೋ ನೆಲೆ ಮಾಡಿಕೊಂಡು, ದಿನಕ್ಕೊಂದು ದಿಕ್ಕಿಗೆ ಹೋಗಿಬರುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ನೋಡಬೇಕಾದ ಸ್ಥಳಗಳಲ್ಲಿ ಹೆಚ್ಚಿನವು ಅರ್ಧ ಗಂಟೆಯ ಕಾರು ಪ್ರಯಾಣದೊಳಗೇ ಸಿಗುತ್ತವೆ. ಪ್ರವಾಸಿ ಕೈಪಿಡಿಗಳು ಗುಹೆ, ಕೋಟೆ, ಹಳ್ಳಿ, ನದಿ ಎಂದು ಇವನ್ನೆಲ್ಲ ಬೇರೆ ಬೇರೆ ಪಟ್ಟಿ ಮಾಡುತ್ತವೆಯಾದರೂ, ಇವೆಲ್ಲಕ್ಕೂ ಆಧಾರವಾಗಿರುವುದು ಒಂದೇ ಸುಣ್ಣಕಲ್ಲು. ನೀರು ಆ ಕಲ್ಲನ್ನು ಕೊರೆದು ಗುಹೆ ಮಾಡಿತು. ಮನುಷ್ಯರು ಗುಹೆಯೊಳಗೆ ಚಿತ್ರ ಬರೆದರು, ಬಂಡೆಯ ಮರೆಯಲ್ಲಿ ಮನೆ ಮಾಡಿಕೊಂಡರು, ಅದರ ನೆತ್ತಿಯ ಮೇಲೆ ಕೋಟೆ ಕಟ್ಟಿದರು. ಯಾವ ಸುತ್ತಾಟ ಈ ಕಲ್ಲಿನ ಹತ್ತಿರಕ್ಕೆ ನಮ್ಮನ್ನು ಕರೆದೊಯ್ಯುತ್ತದೆಯೋ ಅದಕ್ಕೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ.

ಎಲ್ಲರೂ ಮೊದಲು ಕೇಳುವುದು ಆದಿಮಾನವರ ಚಿತ್ರಗಳಿರುವ ಲಾಸ್ಕೋ ಗುಹೆಯ ಬಗ್ಗೆ. ಸಾರ್ಲಾದಿಂದ ಸುಮಾರು 25 ಕಿಲೋಮೀಟರ್ ದೂರದ ಮೊಂಟಿನ್ಯಾಕ್ ಊರಿನ ಮೇಲಿನ ಗುಡ್ಡದಲ್ಲಿ 1940ರ ಸೆಪ್ಟೆಂಬರ್ 12ರಂದು ನಾಲ್ವರು ಹುಡುಗರು ಈ ಗುಹೆಗೆ ಇಳಿದರು. 1948ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದಾಗ ಜನ ಸಾಲುಗಟ್ಟಿ ಬಂದರು; ಅವರ ಉಸಿರಿನ ಇಂಗಾಲದ ಡೈಆಕ್ಸೈಡು ಮತ್ತು ತೇವಾಂಶದಿಂದ, ದೀಪಗಳ ಬೆಳಕಿನಿಂದ ಗೋಡೆಗಳ ಮೇಲೆ ಹಸಿರು ಪಾಚಿ ಹಬ್ಬತೊಡಗಿ, 1963ರಲ್ಲಿ ಗುಹೆಯನ್ನು ಮುಚ್ಚಬೇಕಾಯಿತು. ಈಗ ನಾವು ನೋಡುವುದು 2016ರ ಡಿಸೆಂಬರಿನಲ್ಲಿ ಅದೇ ಗುಡ್ಡದ ಬುಡದಲ್ಲಿ ತೆರೆದ, ಲಾಸ್ಕೋ ನಾಲ್ಕು ಎಂದು ಕರೆಯಲಾಗುವ ಪ್ರತಿಕೃತಿಯನ್ನು. ಪ್ರತಿಕೃತಿ ಎಂಬ ಕಾರಣಕ್ಕೆ ಇದನ್ನು ಬಿಟ್ಟುಬಿಡುವುದು ದೊಡ್ಡ ನಷ್ಟ. ಮೂಲ ಗುಹೆಯ ಉಬ್ಬುತಗ್ಗುಗಳನ್ನು ಅಳೆದು ಅದೇ ಆಕಾರದಲ್ಲಿ ಗೋಡೆಗಳನ್ನು ಮಾಡಿದ್ದಾರೆ, ಒಳಗಿನ ತಂಪನ್ನೂ ಗುಹೆಯಷ್ಟೇ, ಅಂದರೆ ಸುಮಾರು 13 ಡಿಗ್ರಿಯಲ್ಲಿ ಇರಿಸಿದ್ದಾರೆ. ಬೇಸಿಗೆಯಲ್ಲಿ ಹೋಗುವವರೂ ಒಂದು ಸ್ವೆಟರ್ ಇಟ್ಟುಕೊಳ್ಳಬೇಕು. ಗೂಳಿಗಳ ಸಭಾಂಗಣ ಎಂಬ ಭಾಗದಲ್ಲಿ ತಲೆಯ ಮೇಲೆ ಹಾದುಹೋಗುವ ದೊಡ್ಡ ಗೂಳಿ 5 ಮೀಟರಿಗೂ ಉದ್ದವಿದೆ. ಅಷ್ಟು ದೊಡ್ಡ ಮೈಯನ್ನು, ಪ್ರಾಣಿಕೊಬ್ಬಿನ ದೀಪದ ಸಣ್ಣ ಬೆಳಕಿನಲ್ಲಿ, ಇಡಿಯಾಗಿ ನೋಡಲು ಹಿಂದೆ ಸರಿಯುವುದಕ್ಕೂ ಜಾಗವಿಲ್ಲದ ಕಡೆ, ಪ್ರಮಾಣ ತಪ್ಪದಂತೆ ಬರೆದ ಕೈಯ ಬಗ್ಗೆ ಎಷ್ಟು ಗೌರವ ತೋರಿದರೂ ಕಡಿಮೆಯೇ. ಮಾರ್ಗದರ್ಶಿಯೊಂದಿಗಿನ ಭೇಟಿ ಮುಗಿದ ಮೇಲೆ ಚಿತ್ರಗಳ ಭಾಗಗಳನ್ನು ಕಣ್ಣಿನ ಮಟ್ಟದಲ್ಲಿ ತೂಗುಹಾಕಿರುವ ಕೋಣೆಯಿದೆ. ಅಲ್ಲಿ ಅವಸರ ಮಾಡದೆ ನಿಂತರೆ ಕುದುರೆಯ ಕಾಲುಗಳಲ್ಲಿ ಆಚೆ ಬದಿಯದನ್ನು ಮೈಯಿಂದ ಸ್ವಲ್ಪ ಬಿಡಿಸಿ ಬರೆದು ದೂರದ ಭಾವ ತಂದಿರುವ ರೀತಿ ಸ್ಪಷ್ಟವಾಗಿ ಕಾಣುತ್ತದೆ.

ಇಷ್ಟೆಲ್ಲ ಹೇಳಿಯೂ, ಒಂದೇ ಒಂದು ಗುಹೆಗೆ ಸಮಯವಿದೆ ಎನ್ನುವವರಿಗೆ ನಾನು ಸೂಚಿಸುವುದು ಫೋಂ-ದ-ಗೋಮ್ ಗುಹೆಯನ್ನು. ವೆಜೇರ್ ನದಿಯ ದಂಡೆಯ ಲೆಝೇಜಿ ಎಂಬ ಹಳ್ಳಿಯ ಅಂಚಿನಲ್ಲಿರುವ ಇದರ ಚಿತ್ರಗಳನ್ನು 1901ರಲ್ಲಿ ಗುರುತಿಸಿದವರು ಅದೇ ಊರಿನ ಶಾಲಾ ಶಿಕ್ಷಕ ದೆನಿ ಪೇರೋನಿ. ಹಲವು ಬಣ್ಣಗಳ ಆದಿಮಾನವ ಚಿತ್ರಗಳನ್ನು ಪ್ರತಿಕೃತಿಯಲ್ಲದೆ ಮೂಲದಲ್ಲೇ ನೋಡಲು ಫ್ರಾನ್ಸಿನಲ್ಲಿ ಉಳಿದಿರುವ ಅವಕಾಶ ಇದು. ಕಡಿದಾದ ಕಾಲುದಾರಿಯಲ್ಲಿ ಬೆಟ್ಟ ಹತ್ತಿ, ಚೀಲಗಳನ್ನು ಹೊರಗೇ ಇಟ್ಟು, ಚಿಕ್ಕ ಗುಂಪಾಗಿ ಒಳಹೋಗಬೇಕು, ಛಾಯಾಚಿತ್ರಕ್ಕೆ ಅನುಮತಿಯಿಲ್ಲ. ದಾರಿ ಇಕ್ಕಟ್ಟು, ಗೋಡೆ ಭುಜಕ್ಕೆ ತಾಗುವಷ್ಟು ಹತ್ತಿರ. ಮೊದಲ ನೋಟಕ್ಕೆ ಕಾಣುವುದು ಕಂದು ಕಲೆಗಳ ಬಂಡೆ ಮಾತ್ರ. ಮಾರ್ಗದರ್ಶಿಯು ದೀಪವನ್ನು ಓರೆಯಾಗಿ ಹಿಡಿದಾಗ ಕಲ್ಲಿನ ಉಬ್ಬೇ ಕಾಡೆಮ್ಮೆಯ ಹೊಟ್ಟೆಯಾಗಿ, ಬಂಡೆಯ ಏಣೇ ಅದರ ಬೆನ್ನಾಗಿ ಎದ್ದು ಬರುತ್ತದೆ. ಚಿತ್ರಕಾರರು ಕಲ್ಲಿನ ಮೇಲೆ ಪ್ರಾಣಿಯನ್ನು ಬರೆಯುವ ಮೊದಲು ಕಲ್ಲಿನೊಳಗೇ ಅದನ್ನು ಕಂಡಿರಬೇಕು. ಎದುರುಬದುರಾಗಿರುವ ಎರಡು ಹಿಮಸಾರಂಗಗಳ ಚಿತ್ರದಲ್ಲಿ, ಬಾಗಿದ ಉದ್ದ ಕೊಂಬಿನ ಗಂಡು ತಲೆ ತಗ್ಗಿಸಿ ಹೆಣ್ಣಿನ ಹಣೆಯನ್ನು ನೆಕ್ಕುತ್ತಿದೆ. ಆ ನಾಲಗೆ ಬಣ್ಣದ್ದಲ್ಲ, ಕಲ್ಲಿನಲ್ಲಿ ಗೀರಿದ ತೆಳುವಾದ ಗೆರೆ. ಬೆಳಕು ಸ್ವಲ್ಪ ಸರಿದರೆ ಅದು ಮಾಯವಾಗುತ್ತದೆ. ದಿನಕ್ಕೆ ಒಳಬಿಡುವವರ ಸಂಖ್ಯೆ ಬಹಳ ಕಡಿಮೆಯಾದ್ದರಿಂದ, ರಜೆಯ ದಿನಾಂಕ ನಿಶ್ಚಯವಾದ ಕೂಡಲೇ ಈ ಟಿಕೆಟಿನ ವ್ಯವಸ್ಥೆ ಮಾಡಿಕೊಂಡು, ಉಳಿದ ಸುತ್ತಾಟಗಳನ್ನು ಇದರ ಸುತ್ತ ಹೊಂದಿಸಿಕೊಳ್ಳಬೇಕು.

ಅದೇ ದಿನ ಮಧ್ಯಾಹ್ನ ಲೆಝೇಜಿಯ ರಾಷ್ಟ್ರೀಯ ಪ್ರಾಗಿತಿಹಾಸ ಸಂಗ್ರಹಾಲಯವನ್ನು ನೋಡಬಹುದು. 1868ರಲ್ಲಿ ಕ್ರೋಮ್ಯಾಗ್ನನ್ ಮಾನವನ, ಅಂದರೆ ಯುರೋಪಿನ ಆರಂಭಕಾಲದ ಆಧುನಿಕ ಮಾನವನ, ಅಸ್ಥಿಗಳು ದೊರೆತದ್ದೂ ಇದೇ ಹಳ್ಳಿಯಲ್ಲಿ. ಆದರೆ ಮಕ್ಕಳೊಂದಿಗೆ ಹೋದವರಿಗೆ ಗಾಜಿನ ಪೆಟ್ಟಿಗೆಗಳ ಕಲ್ಲಿನ ಉಪಕರಣಗಳಿಗಿಂತ, ನದಿಯ ಮೇಲ್ಭಾಗದಲ್ಲಿ ಸ್ವಲ್ಪ ದೂರದಲ್ಲಿರುವ ರೋಕ್ ಸ್ಯಾಂ-ಕ್ರಿಸ್ತೋಫ್ ಹೆಚ್ಚು ಹಿಡಿಸುತ್ತದೆ. ಅದು ಸುಮಾರು ಒಂದು ಕಿಲೋಮೀಟರ್ ಉದ್ದ, 80 ಮೀಟರ್ ಎತ್ತರದ ಬಂಡೆಗೋಡೆ. ಅದರಲ್ಲಿ ಅಡ್ಡಡ್ಡಲಾಗಿ ಕೊರೆದುಕೊಂಡಿರುವ ಜಗಲಿಗಳ ಮೇಲೆ ಮಧ್ಯಯುಗದಲ್ಲಿ ಒಂದು ಇಡೀ ಊರೇ ಇತ್ತು. ಮನೆಗಳ ಮರದ ಭಾಗವೆಲ್ಲ ಹೋಗಿದ್ದು, ತೊಲೆ ಸಿಕ್ಕಿಸಲು ಬಂಡೆಯಲ್ಲಿ ಕೊರೆದ ಚೌಕ ಗುಂಡಿಗಳು ಸಾಲುಸಾಲಾಗಿ ಉಳಿದಿವೆ. ಯಾವ ಮಟ್ಟದಲ್ಲಿ ಮಹಡಿಯಿತ್ತು, ಎಲ್ಲಿ ಸೂರು ಇಳಿದಿತ್ತು ಎಂಬುದನ್ನು ಆ ಗುಂಡಿಗಳ ಸಾಲನ್ನು ನೋಡಿಯೇ ಊಹಿಸಬಹುದು.

ದೋರ್ದೋನ್ ನದಿಯ ದಿನವನ್ನು ನಾನು ಎರಡನೆಯ ಸ್ಥಾನದಲ್ಲಿ ಇಡುತ್ತೇನೆ, ಹವಾಮಾನ ಚೆನ್ನಾಗಿದ್ದರೆ ಮೊದಲನೆಯದರಲ್ಲಿಯೇ. ಈ ಕಣಿವೆಯ ರಸ್ತೆ ಕಿರಿದು. ಬೇಸಿಗೆಯಲ್ಲಿ ಲಾ ರೋಕ್-ಗಜಾಕ್ ಹಳ್ಳಿಯ ನಡುವೆ ವಾಹನಗಳು ತೆವಳುತ್ತವೆ, ನಿಲುಗಡೆಗೆ ಜಾಗ ಹುಡುಕುವುದರಲ್ಲೇ ಬೆಳಗು ಕಳೆದುಹೋಗುತ್ತದೆ. ಅದೇ ದೃಶ್ಯಗಳನ್ನು ನೀರಿನ ಮೇಲಿಂದ ನೋಡಲು ವಿತ್ರಾಕ್‌ನಲ್ಲಿ ಬಾಡಿಗೆಗೆ ಕೆನೂ ದೋಣಿ ಪಡೆದು, ಹೊಳೆಯೊಂದಿಗೆ ಇಳಿದು ಬೇನಾಕ್ ತಲುಪಬೇಕು. ಅಲ್ಲಿಂದ ವ್ಯಾನಿನಲ್ಲಿ ಹಿಂದಕ್ಕೆ ಕರೆತರುವುದು ಬಾಡಿಗೆಯಲ್ಲೇ ಸೇರಿರುತ್ತದೆ. ಹೊಳೆಯ ಹರಿವು ಸೌಮ್ಯ, ಹುಟ್ಟು ಹಾಕಿ ಅಭ್ಯಾಸವಿಲ್ಲದವರಿಗೂ ಅರ್ಧ ದಿನ ಸಾಕು. ಎಡಗಡೆ ಬಂಡೆಯ ಮೇಲೆ ದೋಮ್ ಊರು, ಮುಂದೆ ಬಲಗಡೆ ಲಾ ರೋಕ್-ಗಜಾಕ್, ಆಮೇಲೆ ಎಡದಂಡೆಯಲ್ಲಿ ಕಾಸ್ಟೆಲ್ನೋ ಕೋಟೆ, ಬಲದಂಡೆಯಲ್ಲಿ ಬೇನಾಕ್ ಕೋಟೆ, ಹೀಗೆ ಒಂದೊಂದಾಗಿ ಎದುರಾಗುತ್ತವೆ. ಲಾ ರೋಕ್-ಗಜಾಕ್‌ನಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಬಂಡೆ ಹಗಲಿನ ಬಿಸಿಲನ್ನು ಹಿಡಿದಿಡುವುದರಿಂದ ಮನೆಗಳ ಸಂದಿಯಲ್ಲಿ ತಾಳೆಯ ಜಾತಿಯ ಗಿಡಗಳೂ ಬಾಳೆಗಿಡಗಳೂ ಬೆಳೆಯುತ್ತವೆ. ಅದೇ ಬಂಡೆಯ ಒಂದು ಭಾಗ 1957ರಲ್ಲಿ ಕುಸಿದು ಜೀವಹಾನಿಯಾಯಿತು ಎಂಬುದನ್ನೂ ಅಲ್ಲಿನವರು ಮರೆತಿಲ್ಲ. ಹುಟ್ಟು ಹಾಕಲಾಗದವರಿಗೆ ಗಬಾರ್ ಎಂಬ ಚಪ್ಪಟೆ ತಳದ ಮರದ ದೋಣಿಗಳ ಸವಾರಿ ಇದೆ. ಹಿಂದೆ ಇಂಥ ದೋಣಿಗಳು ಮರ, ವೈನ್ ತುಂಬಿಕೊಂಡು ಕೆಳಗಿನ ಪಟ್ಟಣಗಳಿಗೆ ಹೋಗುತ್ತಿದ್ದವು, ಪ್ರವಾಹದ ವಿರುದ್ಧ ಹತ್ತಿಸುವುದು ಕಷ್ಟವಾದ್ದರಿಂದ ಎಷ್ಟೋ ದೋಣಿಗಳನ್ನು ಅಲ್ಲಿಯೇ ಬಿಚ್ಚಿ ಮರವಾಗಿ ಮಾರುತ್ತಿದ್ದರು. ಸವಾರಿ ಹಿತಕರ, ಆದರೆ ಚಿಕ್ಕದು.

ಕೋಟೆಗಳಲ್ಲಿ ಒಂದನ್ನು ಆರಿಸಿಕೊಂಡರೆ ಸಾಕು. ನೂರು ವರ್ಷಗಳ ಯುದ್ಧದಲ್ಲಿ ಬೇನಾಕ್ ಫ್ರೆಂಚ್ ದೊರೆಯ ಪಕ್ಷದಲ್ಲಿತ್ತು, ಹೊಳೆಯಾಚೆಯ ಕಾಸ್ಟೆಲ್ನೋ ಬಹುಕಾಲ ಇಂಗ್ಲಿಷರ ಕೈಯಲ್ಲಿತ್ತು. ಮಕ್ಕಳಿದ್ದರೆ ಕಾಸ್ಟೆಲ್ನೋ ಒಳ್ಳೆಯದು. ಅಲ್ಲಿನ ಮಧ್ಯಯುಗದ ಯುದ್ಧ ಸಂಗ್ರಹಾಲಯದಲ್ಲಿ ಕಲ್ಲೆಸೆಯುವ ಭಾರೀ ಯಂತ್ರಗಳನ್ನು ಪೂರ್ಣ ಗಾತ್ರದಲ್ಲಿ ಮರುನಿರ್ಮಿಸಿ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಬರಿಯ ಕಲ್ಲಿನ ಗಾಂಭೀರ್ಯ ಇಷ್ಟಪಡುವವರಿಗೆ ಬೇನಾಕ್. ಸಮೀಪದ ಮಿಲಾಂದ್ ಅರಮನೆ ಇವೆರಡಕ್ಕಿಂತ ಭಿನ್ನವಾದದ್ದು: ನರ್ತಕಿ, ಗಾಯಕಿ, ಯುದ್ಧಕಾಲದ ಪ್ರತಿರೋಧ ಚಳವಳಿಗೆ ನೆರವಾದ ಜೋಸೆಫೀನ್ ಬೇಕರ್ ತಮ್ಮ 12 ಮಂದಿ ದತ್ತುಮಕ್ಕಳನ್ನು ಇಲ್ಲಿ ಬೆಳೆಸಿದರು. 2021ರಲ್ಲಿ ಫ್ರಾನ್ಸ್ ಅವರಿಗೆ ದೇಶದ ಮಹನೀಯರ ಸ್ಮಾರಕವಾದ ಪ್ಯಾರಿಸಿನ ಪಾಂತೆಯೋನ್‌ನಲ್ಲಿ ಸ್ಥಾನ ಕೊಟ್ಟಿತು. ಅವರ ಬದುಕಿನ ಮೇಲೆ ಗೌರವವಿರುವವರು ಈ ಮನೆಗೆ ಒಂದು ಮಧ್ಯಾಹ್ನ ಕೊಡಲೇಬೇಕು.

ಸಾರ್ಲಾ ಪಟ್ಟಣವನ್ನೇ ನೋಡಲು ಬುಧವಾರ ಅಥವಾ ಶನಿವಾರದ ಸಂತೆಯ ದಿನ ಸೂಕ್ತ. ಹಳೆಯ ಪಟ್ಟಣಗಳ ಹೃದಯಭಾಗವನ್ನು ಇಡಿಯಾಗಿ ಸಂರಕ್ಷಿಸುವ 1962ರ ಕಾನೂನಿನ ಪ್ರಯೋಜನ ಮೊದಲು ಪಡೆದ ಊರುಗಳಲ್ಲಿ ಇದೂ ಒಂದು. ಜೇನುಬಣ್ಣದ ಗೋಡೆಗಳ ಮೇಲೆ ಲೋಜ್ ಎಂಬ ಕಲ್ಲಿನ ಹಲಗೆಗಳ ಮಾಡುಗಳಿವೆ. ಆ ಭಾರವನ್ನು ತಾಳಲೆಂದೇ ಅವುಗಳ ಇಳಿಜಾರು ಅಷ್ಟು ಕಡಿದಾಗಿದೆ. ಹಳೆಯ ಸೇಂಟ್ ಮೇರಿ ಚರ್ಚು ಈಗ ವಾಸ್ತುಶಿಲ್ಪಿ ಜ್ಯಾಂ ನುವೆಲ್ ಅವರ ವಿನ್ಯಾಸದ ದೈತ್ಯ ಉಕ್ಕಿನ ಬಾಗಿಲುಗಳ ಹಿಂದೆ ತರಕಾರಿ, ಚೀಸ್ ಮಾರುವ ಮಾರುಕಟ್ಟೆಯಾಗಿದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರ ವಹಿಸಬೇಕು. ಇದು ಬಾತುಕೋಳಿಯ ನಾಡು. ನಿರಪಾಯಕಾರಿಯಾಗಿ ಕಾಣುವ ಸಾರ್ಲಾ ಶೈಲಿಯ ಆಲೂಗಡ್ಡೆಯನ್ನೂ ಬಾತುಕೋಳಿಯ ಕೊಬ್ಬಿನಲ್ಲಿ ಹುರಿಯುತ್ತಾರೆ. ಇಲ್ಲಿನ ಅಕ್ರೋಟು ಮತ್ತು ಆಡಿನ ಹಾಲಿನ ಸಣ್ಣ ರೋಕಮಾದೂರ್ ಚೀಸ್ ಹಾಕಿದ ಸಲಾಡ್ ಸುರಕ್ಷಿತವೂ ರುಚಿಕರವೂ ಆದದ್ದು, ಮಾಂಸ ಬೇಡವೆಂದು ಮೊದಲೇ ಹೇಳಿದರೆ ಸಾಕು. ಹಳ್ಳಿಗಳ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ 12ರಿಂದ 2ರವರೆಗೆ ಮಾತ್ರ. ತಡವಾದರೆ ಒಲೆ ಆರಿರುತ್ತದೆ. ಸಂತೆಯಲ್ಲಿ ಬ್ರೆಡ್ಡು, ಹಣ್ಣು, ಚೀಸ್ ಕೊಂಡು ಕಾರಿನಲ್ಲಿ ಇಟ್ಟುಕೊಳ್ಳುವುದು ಎಲ್ಲ ದೃಷ್ಟಿಯಿಂದಲೂ ಉತ್ತಮ.

ಇಲ್ಲಿಂದ ಪೂರ್ವಕ್ಕೆ ಸುಮಾರು ಒಂದು ಗಂಟೆಯ ದೂರದ ರೋಕಮಾದೂರ್ ಮತ್ತು ಪಾದಿರಾಕ್ ಎರಡನ್ನೂ ಒಂದೇ ದಿನದಲ್ಲಿ ಮುಗಿಸುವ ಕಾರ್ಯಕ್ರಮಗಳನ್ನು ಮಾರುತ್ತಾರೆ. ಬಂಡೆಗೆ ಅಂಟಿಕೊಂಡಿರುವ ರೋಕಮಾದೂರ್ ಯಾತ್ರಾಸ್ಥಳ, ಎದುರಿನ ಲೋಸ್ಪಿತಾಲೆ ದಿಬ್ಬದಿಂದ ಬೆಳಗಿನ ಬೆಳಕಿನಲ್ಲಿ ಭವ್ಯವಾಗಿ ಕಾಣುತ್ತದೆ. ಒಳಗೆ ಕಪ್ಪು ಮೇರಿ ಮಾತೆಯ ಗುಡಿಗೆ ಹೋಗುವ 216 ಮೆಟ್ಟಿಲುಗಳ ಸುತ್ತ ಅಂಗಡಿಗಳ ಗದ್ದಲ ಹೆಚ್ಚು. ಪಾದಿರಾಕ್ ಬೇರೆಯೇ ಲೋಕ. ಬಯಲಿನಲ್ಲಿ ಬಾಯ್ತೆರೆದ ವಿಶಾಲವಾದ ಕುಳಿಯೊಳಗೆ ಇಳಿದು, 103 ಮೀಟರ್ ಆಳದಲ್ಲಿ, 1889ರಲ್ಲಿ ಎದುವಾರ್-ಆಲ್ಫ್ರೆದ್ ಮಾರ್ತೆಲ್ ಮೊದಲು ಶೋಧಿಸಿದ ಭೂಗತ ಹೊಳೆಯ ಮೇಲೆ ದೋಣಿಯಲ್ಲಿ ಸಾಗುತ್ತೇವೆ. ಕಣಿವೆಗಳಲ್ಲಿ ನಾವು ನೋಡಿದ ಗುಹೆಗಳನ್ನು ನೀರು ಹೇಗೆ ಕೊರೆಯಿತು ಎಂಬುದು ಇಲ್ಲಿ ಇಂದಿಗೂ ನಡೆಯುತ್ತಿರುವ ಕೆಲಸ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನನ್ನ ಮತ ಪಾದಿರಾಕ್‌ಗೆ. ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆ.

ಸಾರ್ಲಾಕ್ಕೆ ಬೋರ್ದೋದಿಂದ ರೈಲು ಬರುತ್ತದೆಯಾದರೂ ಹಳ್ಳಿಗಳ ನಡುವೆ ಬಸ್ಸುಗಳು ಬಹಳ ವಿರಳವಾದ್ದರಿಂದ ಕಾರಿಲ್ಲದೆ ಈ ಸುತ್ತಾಟಗಳು ಪೂರೈಸುವುದಿಲ್ಲ. ಮೇ, ಜೂನ್ ಮತ್ತು ಸೆಪ್ಟೆಂಬರ್ ತಿಂಗಳುಗಳು ಅತ್ಯಂತ ಹಿತವಾದವು. ಶಾಲಾ ರಜೆಯ ಕಾರಣ ಜುಲೈ, ಆಗಸ್ಟಿನಲ್ಲೇ ಹೋಗಬೇಕಾದವರು ಲಾಸ್ಕೋ ಮತ್ತು ಪಾದಿರಾಕ್ ಟಿಕೆಟುಗಳನ್ನು ಮುಂಗಡವಾಗಿ ಕಾಯ್ದಿರಿಸಿ, ಕೋಟೆಗಳಿಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಬಿಸಿಲೇರಿದ ಮೇಲಿನ ಸಮಯವನ್ನು ಗುಹೆಗಳಿಗೂ ಹೊಳೆಗೂ ಮೀಸಲಿಡುವುದು ಒಳ್ಳೆಯದು.